ಯುದ್ಧ ಮುಗಿಯಿತು, ನಂಬರ್ ಬರಲಿಲ್ಲ

ಪ್ರಶ್ನೆ: ಸರ್, ಹಳೆ ಪುಸ್ತಕಗಳ ರಾಶಿಯಲ್ಲಿ ನನಗೆ ಒಂದು ಕಟ್ಟು ಪತ್ರ ಸಿಕ್ಕಿದೆ. ಬರ್ಮಾದಲ್ಲಿದ್ದ ಒಬ್ಬ ಬ್ರಿಟಿಷ್ ಸೈನಿಕ ಊರಿನಲ್ಲಿದ್ದ ಅಕ್ಕನಿಗೆ ಬರೆದದ್ದು. ಅವನಿಗೆ ಆಗ 23 ವರ್ಷ, ಸೈನ್ಯ ಸೇರಿದ್ದು 1942ರ ಕೊನೆಯಲ್ಲಿ. 1946ರ ಮಾರ್ಚ್‌ನಲ್ಲೂ "ನನ್ನ ನಂಬರ್ ಇನ್ನೂ ದೂರ ಇದೆ" ಅಂತ ಬರೆಯುತ್ತಾನೆ. ಇನ್ನೊಂದರಲ್ಲಿ "ಪೈಥಾನ್ ಸಿಕ್ಕವರು ಪುಣ್ಯವಂತರು" ಅಂತಾನೆ. ಮತ್ತೊಂದರಲ್ಲಿ "ಆಫೀಸಿನವರು ನನ್ನ ಕುರ್ಚಿ ಹಾಗೇ ಇಟ್ಟಿದ್ದಾರಂತೆ, ಆ ಕುರ್ಚಿ ನೆನೆದರೇ ಭಯ ಆಗುತ್ತೆ" ಅಂತ ಇದೆ. ಕೊನೆಯ ಪತ್ರ 1946ರ ಕೊನೆಗೆ ದೇವಲಾಲಿಯಿಂದ ಬರೆದದ್ದು. ಯುದ್ಧ 1945ರಲ್ಲೇ ಮುಗಿದಿತ್ತಲ್ವಾ? ಮತ್ತೆ ಇವನನ್ನು ಅಷ್ಟು ದಿನ ಯಾಕೆ ಹಿಡಿದಿಟ್ಟುಕೊಂಡರು? ಈ ನಂಬರ್ ಏನು? ಹಳೆ ಕೆಲಸ ನಿಜವಾಗಿಯೂ ವಾಪಸ್ ಸಿಗುತ್ತಿತ್ತಾ?

ಉತ್ತರ:

ಮೊದಲು ಪೈಥಾನ್ ವಿಷಯ ಮುಗಿಸಿಬಿಡೋಣ. ಅದು ಹಾವಲ್ಲ. ಹೊರದೇಶದಲ್ಲಿ ಇಷ್ಟು ವರ್ಷ ಕಳೆದ ಸೈನಿಕನನ್ನು ಇಂಗ್ಲೆಂಡಿಗೆ ವಾಪಸ್ ಕಳಿಸಬೇಕು ಅನ್ನುವ ನಿಯಮಕ್ಕೆ ಬ್ರಿಟಿಷ್ ಸೈನ್ಯ ಇಟ್ಟ ಸಂಕೇತದ ಹೆಸರು. ಏಷ್ಯಾದಲ್ಲಿ ಇದ್ದವರಿಗೆ ಈ ಅವಧಿ 3 ವರ್ಷ 8 ತಿಂಗಳು ಇತ್ತು. 1945ರ ಜೂನ್‌ನಲ್ಲಿ ಅದನ್ನು 3 ವರ್ಷ 4 ತಿಂಗಳಿಗೆ ಇಳಿಸಿದರು. ಸೈನಿಕರು ಕುಣಿದಾಡಿದರು, ಸೇನಾಧಿಕಾರಿಗಳು ತಲೆ ಮೇಲೆ ಕೈ ಹೊತ್ತು ಕೂತರು. ಯಾಕಂದರೆ ಆಗಿನ್ನೂ ಜಪಾನ್ ಸೋತಿರಲಿಲ್ಲ. ಮಲಯಾ ಮೇಲೆ ದಾಳಿಗೆ ತಯಾರಾಗುತ್ತಿದ್ದ ಪಡೆಗಳಿಂದಲೇ ಪಳಗಿದ ಕೈಗಳೆಲ್ಲ ಹಡಗು ಹತ್ತಬೇಕಾಯಿತು. ನಿಮ್ಮ ಹುಡುಗ ಸೈನ್ಯಕ್ಕೆ ಸೇರಿದ್ದೇ 1942ರ ಕೊನೆಯಲ್ಲಿ. ತರಬೇತಿ ಮುಗಿಸಿ ಬರ್ಮಾ ತಲುಪುವಷ್ಟರಲ್ಲಿ ಇನ್ನಷ್ಟು ತಿಂಗಳು ಹೋಗಿರುತ್ತವೆ. ಹಾಗಾಗಿ ಪೈಥಾನ್ ಅವನ ಪಾಲಿಗೆ ಬೇರೆಯವರ ಅದೃಷ್ಟ, ಅಷ್ಟೇ. ಇನ್ನೊಂದು ಮಾತು: ಪೈಥಾನ್ ಸಿಕ್ಕಿದರೆ ಊರು ಸಿಗುತ್ತಿತ್ತು, ಬಿಡುಗಡೆ ಸಿಗುತ್ತಿರಲಿಲ್ಲ. ಬಿಡುಗಡೆಗೆ ನಂಬರೇ ಬರಬೇಕಿತ್ತು.

ಈಗ ಆ ನಂಬರ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನಿಮ್ಮ ಇಡೀ ಕಟ್ಟಿನ ಕೀಲಿ ಇದೇ.

ಬ್ರಿಟನ್ನಿನ ಕಾರ್ಮಿಕ ಮಂತ್ರಿ ಅರ್ನೆಸ್ಟ್ ಬೆವಿನ್ 1944ರ ಸೆಪ್ಟೆಂಬರ್‌ನಲ್ಲಿ, ಅಂದರೆ ಯುದ್ಧ ಇನ್ನೂ ಜೋರಾಗಿ ನಡೆಯುತ್ತಿದ್ದಾಗಲೇ, ಬಿಡುಗಡೆಯ ಯೋಜನೆಯನ್ನು ಬಹಿರಂಗ ಮಾಡಿದರು. ಲೆಕ್ಕ ಇಷ್ಟೇ: ಎರಡು ತಿಂಗಳ ಸೇವೆ ಅಂದರೆ ಒಂದು ವರ್ಷದ ವಯಸ್ಸಿಗೆ ಸಮ. 22 ವರ್ಷದ ಹುಡುಗ 4 ವರ್ಷ ಸೇವೆ ಮಾಡಿದ್ದರೆ 48 ತಿಂಗಳು, ಅಂದರೆ 24 ವರ್ಷ. ಕೂಡಿದರೆ 46. 40 ವರ್ಷದವನು ಒಂದೇ ವರ್ಷ ಸೇವೆ ಮಾಡಿದ್ದರೆ 12 ತಿಂಗಳು, ಅಂದರೆ 6 ವರ್ಷ. ಅದೂ 46. ಇಬ್ಬರೂ ಒಂದೇ ಗುಂಪು. ಹುಟ್ಟಿದ ವರ್ಷ ಒಂದು ಕಡೆ, ಸೇರಿದ ತಿಂಗಳು ಇನ್ನೊಂದು ಕಡೆ ಇರುವ ಒಂದು ಕೋಷ್ಟಕ ಇತ್ತು. ಬೆರಳಿಟ್ಟು ನೋಡಿದರೆ ಗುಂಪಿನ ನಂಬರ್ ಸಿಗುತ್ತಿತ್ತು. ಕೂಡಿದ ಮೊತ್ತ ದೊಡ್ಡದಾದಷ್ಟೂ ನಂಬರ್ ಚಿಕ್ಕದು. 1 ಮೊದಲು, ಆಮೇಲೆ 2, ಹಾಗೇ ಮುಂದಕ್ಕೆ.

ನಿಮ್ಮ ಹುಡುಗನದ್ದೇ ಹಾಕಿ ನೋಡೋಣ. 1945ರ ಮಧ್ಯಕ್ಕೆ ಅವನ ಸೇವೆ ಸುಮಾರು 30 ತಿಂಗಳು. ಅಂದರೆ 15 ವರ್ಷ. ವಯಸ್ಸು 22 ಅಥವಾ 23. ಕೂಡಿದರೆ 38ರ ಹತ್ತಿರ. ಅವನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ, ಅವನ ಜೊತೆಗೇ ಸೇರಿದ 35 ವರ್ಷದವನಿದ್ದ ಅಂತ ಇಟ್ಟುಕೊಳ್ಳಿ. ಅವನದ್ದು 50. ಒಂದೇ ದಿನ ಸೇರಿ, ಒಂದೇ ಕೆಸರಿನಲ್ಲಿ ಒದ್ದಾಡಿದ ಇಬ್ಬರಲ್ಲಿ ಒಬ್ಬ ಎಷ್ಟೋ ಗುಂಪು ಮುಂದೆ ಹೋಗಿಬಿಡುತ್ತಾನೆ. ಚಿಕ್ಕ ವಯಸ್ಸೇ ಇವನಿಗೆ ಮುಳುವಾಯಿತು.

ಈ ಪದ್ಧತಿಯಲ್ಲಿ ಒಂದು ಚಂದ ಇದೆ. ಕಾಯುತ್ತಾ ಹೋದಂತೆ ಎಲ್ಲರ ಸೇವೆಯೂ ಒಂದೇ ಲೆಕ್ಕದಲ್ಲಿ ಬೆಳೆಯುತ್ತದೆ. ಹಾಗಾಗಿ ಸಾಲಿನಲ್ಲಿ ಯಾರ ಜಾಗವೂ ಬದಲಾಗುವುದಿಲ್ಲ. ನಂಬರ್ ಒಮ್ಮೆ ಬಂತು ಅಂದರೆ ಬಂತು. ಮೇಜರ್ ಸಾಹೇಬರಿಗೆ ಸಲಾಂ ಹೊಡೆದರೂ ಕೆಳಗಿಳಿಯದು, ಜಗಳ ಆಡಿದರೂ ಮೇಲಕ್ಕೆ ಹೋಗದು. ಪೆನ್ಸಿಲ್ ಹಿಡಿಯಲು ಬರುವ ಯಾವ ಸಿಪಾಯಿ ಬೇಕಾದರೂ ತನ್ನ ಲೆಕ್ಕ ತಾನೇ ಹಾಕಿಕೊಳ್ಳಬಹುದಿತ್ತು. "ಇನ್ನೂ ದೂರ ಇದೆ" ಅಂತ ನಿಮ್ಮ ಹುಡುಗ ಅಷ್ಟು ಖಚಿತವಾಗಿ ಬರೆಯಲು ಇದೇ ಕಾರಣ. ಅವನಿಗೆ ಬೇಜಾರಿದೆ. ಆದರೆ ಅನುಮಾನ ಇಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಒಂದನೇ ಮಹಾಯುದ್ಧದ ಕೊನೆಗೆ ಹೋಗಬೇಕು.

1918ರ ನವೆಂಬರ್‌ನಲ್ಲಿ ಯುದ್ಧ ನಿಂತಾಗ ಬ್ರಿಟನ್ ಬೇರೆ ಲೆಕ್ಕ ಇಟ್ಟುಕೊಂಡಿತ್ತು. ಕಾರ್ಖಾನೆ ಮತ್ತೆ ಶುರುವಾಗಬೇಕಾದರೆ ಯಾರು ಬೇಕೋ ಅವರನ್ನು ಮೊದಲು ಬಿಡಬೇಕು, "ನಿನಗೆ ಕೆಲಸ ಕಾದಿದೆ" ಅಂತ ಮಾಲೀಕ ಚೀಟಿ ಬರೆದು ಕೊಟ್ಟವರೂ ಮೊದಲು. ಕಾಗದದ ಮೇಲೆ ಬುದ್ಧಿವಂತಿಕೆಯೇ. ಆದರೆ ಕಾರ್ಖಾನೆಗೆ ಅತಿ ಬೇಕಾದವರನ್ನು ಸೈನ್ಯಕ್ಕೆ ಕರೆದದ್ದೂ ಕೊನೆಯಲ್ಲೇ ಅಲ್ವಾ? ಕೊನೆಗೆ ಬಂದವರೇ ಮೊದಲು ಹೊರಟರು. 1914ರಿಂದ ಕಂದಕದಲ್ಲಿ ಕೂತಿದ್ದವನು ಅಲ್ಲೇ ಕೂತ. ರಜೆಗೆ ಊರಿಗೆ ಬಂದವರಿಗೆ ಮಾಲೀಕರನ್ನು ಹುಡುಕಿ ಚೀಟಿ ಬರೆಸಿಕೊಳ್ಳುವ ಅವಕಾಶ. ಫ್ರಾನ್ಸಿನ ಯಾವುದೋ ಹಳ್ಳಿಯಲ್ಲಿ ಇದ್ದವನಿಗೆ ಅದೂ ಇಲ್ಲ.

1919ರ ಜನವರಿ 3ರಂದು ಫೋಕ್‌ಸ್ಟನ್ ಬಂದರಿನಲ್ಲಿ, ರಜೆ ಮುಗಿಸಿ ಫ್ರಾನ್ಸಿಗೆ ವಾಪಸ್ ಹೋಗಬೇಕಿದ್ದ ಸಾವಿರಾರು ಸೈನಿಕರು ಹಡಗು ಹತ್ತುವುದಿಲ್ಲ ಅಂತ ಕೂತುಬಿಟ್ಟರು. ಪಕ್ಕದ ಡೋವರ್‌ಗೂ ಹಬ್ಬಿತು. ಸೈನ್ಯದ ಲಾರಿಗಳನ್ನೇ ಓಡಿಸಿಕೊಂಡು ಲಂಡನ್ನಿನ ಸರ್ಕಾರಿ ಕಚೇರಿಗಳ ಮುಂದೆ ನಿಂತರು. ತಿಂಗಳ ಕೊನೆಗೆ ಫ್ರಾನ್ಸಿನ ಕ್ಯಾಲೆಯಲ್ಲಿ ದಂಗೆಯೇ ಆಯಿತು. ಅದೇ ತಿಂಗಳು ಯುದ್ಧ ಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್ ಹಳೆ ಯೋಜನೆಯನ್ನು ಪಕ್ಕಕ್ಕೆ ತಳ್ಳಿ, ಹೆಚ್ಚು ವಯಸ್ಸಾದವರು, 1916ಕ್ಕೆ ಮೊದಲೇ ಸೇರಿದವರು, ಹೆಚ್ಚು ಸಲ ಗಾಯಗೊಂಡವರು ಮೊದಲು ಅಂತ ಮಾಡಿದರು. ಗಲಾಟೆ ತಣ್ಣಗಾಯಿತು. ಎಲ್ಲರನ್ನೂ ಆ ವಾರವೇ ಮನೆಗೆ ಕಳಿಸಲಿಲ್ಲ ಅನ್ನುವುದನ್ನು ಗಮನಿಸಿ. ಸಾಲನ್ನು ಸರಿ ಮಾಡಿದರು, ಅಷ್ಟೇ.

ಬೆವಿನ್ ಈ ಪಾಠವನ್ನು ಮರೆತಿರಲಿಲ್ಲ. ಹಾಗಂತ ಊರು ಕಟ್ಟುವ ಕೆಲಸವೂ ನಿಲ್ಲುವಂತಿಲ್ಲ. ಬಾಂಬ್ ಬಿದ್ದ ಮನೆಗಳಿಗೆ ಗಾರೆಯವರು, ಬಡಗಿಗಳು ಬೇಕು. ಅದಕ್ಕೆ 'ಕ್ಲಾಸ್ ಬಿ' ಅಂತ ಒಂದು ಪಕ್ಕದ ಬಾಗಿಲು ಇಟ್ಟರು. ಆ ಬಾಗಿಲಿಗೆ ಬೆಲೆಯೂ ಇತ್ತು. ಸಾಲಿನಲ್ಲಿ ಹೋದ 'ಕ್ಲಾಸ್ ಎ'ಯವರಿಗೆ 8 ವಾರ ಸಂಬಳದ ರಜೆ, ಪಕ್ಕದ ಬಾಗಿಲಲ್ಲಿ ಹೋದವರಿಗೆ 3 ವಾರ. ಅದೂ ಹೇಳಿದ ಕೆಲಸವನ್ನೇ ಮಾಡಬೇಕು, ಬಿಟ್ಟರೆ ಮತ್ತೆ ಸೈನ್ಯಕ್ಕೆ ಕರೆ. ಎಷ್ಟೋ ಜನ "ಬೇಡಪ್ಪ, ನನ್ನ ನಂಬರ್ ಬರಲಿ" ಅಂದರು. ಸಾಲು ತಪ್ಪಿಸಿದವನಿಗೆ ಲಾಭ ಕಡಿಮೆ ಇದ್ದರೆ ಸಾಲಿನಲ್ಲಿ ನಿಂತವನ ಹೊಟ್ಟೆ ಉರಿಯುವುದಿಲ್ಲ. ಮನುಷ್ಯರನ್ನು ಚೆನ್ನಾಗಿ ಬಲ್ಲವರು ಮಾಡಿದ ಯೋಜನೆ ಇದು ಅಂತ ನನಗೆ ಅನ್ನಿಸುತ್ತದೆ. ಬೆವಿನ್ ಮಂತ್ರಿಯಾಗುವ ಮೊದಲು ದೊಡ್ಡ ಕಾರ್ಮಿಕ ಸಂಘದ ನಾಯಕರಾಗಿದ್ದವರು. ಅದು ಸುಮ್ನೆ ಅಲ್ಲ.

ಬಿಡುಗಡೆ 1945ರ ಜೂನ್ 18ರಂದು ಶುರುವಾಯಿತು. ಆಗಸ್ಟ್ 15ರಂದು ಜಪಾನ್ ಶರಣಾಯಿತು. ಹಾಗಾದರೆ ಎಲ್ಲರೂ ಯಾಕೆ ಮನೆಗೆ ಹೋಗಲಿಲ್ಲ? ಯುದ್ಧ ಮುಗಿದರೂ ಸೈನ್ಯದ ಕೆಲಸ ಮುಗಿದಿರಲಿಲ್ಲ. ಜರ್ಮನಿಯನ್ನು ಆಳಬೇಕಿತ್ತು. ಆಗ್ನೇಯ ಏಷ್ಯಾದಲ್ಲಿ ಲಕ್ಷಾಂತರ ಜಪಾನಿ ಸೈನಿಕರ ಆಯುಧ ಕಸಿದುಕೊಳ್ಳಬೇಕಿತ್ತು. ಜಾವಾದ ಸುರಬಾಯದಲ್ಲಿ 1945ರ ನವೆಂಬರ್‌ನಲ್ಲಿ ನಿಜವಾದ ಕಾಳಗವೇ ನಡೆಯಿತು, ಅದರಲ್ಲಿ ಭಾರತದ ಸೈನಿಕರೂ ಇದ್ದರು. ಇದರ ಮೇಲೆ ಹಡಗಿನ ಕೊರತೆ. ಜಪಾನಿನ ಸೆರೆಯಿಂದ ಬಿಡಿಸಿದ ಕೈದಿಗಳು ಮೊದಲು ಹೋಗಬೇಕು, ಅದು ನ್ಯಾಯ. ಕ್ವೀನ್ ಮೇರಿಯಂಥ ಹಡಗು ಒಂದೇ ಸಲಕ್ಕೆ 15,000ದಷ್ಟು ಜನರನ್ನು ಹೊರಬಲ್ಲದು, ನಿಜ. ಆದರೆ ಅದು ಅಟ್ಲಾಂಟಿಕ್‌ನಲ್ಲಿ ಅಮೆರಿಕದವರನ್ನು ಸಾಗಿಸುತ್ತಿತ್ತು.

ಈ ಕಾರಣಗಳನ್ನು ಬರ್ಮಾದಲ್ಲಿ ಬೆವರುತ್ತಾ ಕೂತವನು ಒಪ್ಪುತ್ತಾನಾ? ಒಪ್ಪಲಿಲ್ಲ. 1946ರ ಜನವರಿಯಲ್ಲಿ ಕರಾಚಿಯ ಡ್ರಿಗ್ ರೋಡ್ ವಾಯುನೆಲೆಯಲ್ಲಿ ಬ್ರಿಟಿಷ್ ವಾಯುಪಡೆಯವರೇ ಮುಷ್ಕರ ಹೂಡಿದರು. ಕಿಡಿ ಹತ್ತಿದ್ದು ಚಿಕ್ಕ ವಿಷಯಕ್ಕೆ: ಒಳ್ಳೆ ಯೂನಿಫಾರ್ಮ್ ಹಾಕಿಕೊಂಡು ಪೆರೇಡಿಗೆ ಬನ್ನಿ, ಸಾಮಾನು ತಪಾಸಣೆ ಇದೆ ಅನ್ನುವ ಆದೇಶ. ಮನೆಗೆ ಹೋಗಲು ಚಡಪಡಿಸುತ್ತಿರುವವನಿಗೆ ಬೂಟು ಪಾಲಿಶ್ ಮಾಡು ಅಂದರೆ ಏನಾಗುತ್ತೆ ಹೇಳಿ. ಕಾನ್ಪುರ, ಸಿಂಗಾಪುರ ಅಂತ ಸುಮಾರು 60 ನೆಲೆಗಳಿಗೆ ಹಬ್ಬಿ 50,000 ಜನ ಸೇರಿದರು. ವಾಯುಪಡೆಯ ಬಿಡುಗಡೆ ಭೂಸೇನೆಗಿಂತ ನಿಧಾನ ಅನ್ನುವುದೇ ಅವರ ದೊಡ್ಡ ದೂರು. ನೋಡಿ, ಇಲ್ಲೂ ಸಿಟ್ಟು ಕಾಯುವುದರ ಮೇಲಲ್ಲ, ಪಕ್ಕದ ಸಾಲು ಬೇಗ ಹೋಗುತ್ತಿದೆ ಅನ್ನುವುದರ ಮೇಲೆ. ಮುಂದಿನ ತಿಂಗಳು, ಫೆಬ್ರವರಿ 18ರಂದು, ಮುಂಬಯಿಯಲ್ಲಿ ಭಾರತೀಯ ನೌಕಾಪಡೆಯ ದಂಗೆ ಶುರುವಾಯಿತಲ್ಲ, ಅದರ ಕಾರಣಗಳು ಬೇರೆ, ಬಹಳ ದೊಡ್ಡವು. ಆದರೂ ಬೇಡಿಕೆಗಳ ಪಟ್ಟಿಯಲ್ಲಿ ಬೇಗ ಬಿಡುಗಡೆ ಅನ್ನುವುದೂ ಇತ್ತು.

ಅಮೆರಿಕದವರದ್ದು ಇನ್ನೊಂದು ದಾರಿ, ಪಾಯಿಂಟ್ ಲೆಕ್ಕ. ಸೇವೆಯ ಪ್ರತಿ ತಿಂಗಳಿಗೆ 1, ಹೊರದೇಶದ ಪ್ರತಿ ತಿಂಗಳಿಗೆ ಇನ್ನೊಂದು, ಪ್ರತಿ ಪದಕ ಅಥವಾ ಕಾಳಗದಲ್ಲಿ ಪಾಲ್ಗೊಂಡದ್ದಕ್ಕೆ ಕೊಡುತ್ತಿದ್ದ ನಕ್ಷತ್ರಕ್ಕೆ 5, ಪ್ರತಿ ಮಗುವಿಗೆ 12, ಅದೂ 3 ಮಕ್ಕಳವರೆಗೆ. 1945ರ ಮೇ ತಿಂಗಳಲ್ಲಿ 85 ಬಂದರೆ ಮನೆಗೆ. ಮೂರು ಮಕ್ಕಳ ತಂದೆಗೆ 36 ಪಾಯಿಂಟ್ ಕೂತಲ್ಲೇ ಬಂತು. ಮದುವೆಯಾಗದ ಹುಡುಗನಿಗೆ ಬರೀ ಸೇವೆಯ ತಿಂಗಳುಗಳಿಂದ ಅಷ್ಟು ಗಳಿಸಲು ಮೂರು ವರ್ಷ ಬೇಕು, ಹೊರದೇಶದಲ್ಲಿದ್ದರೂ ಒಂದೂವರೆ ವರ್ಷ. ಯಾವ ತುಕಡಿಗೆ ಎಷ್ಟು ನಕ್ಷತ್ರ ಅನ್ನುವುದರ ಮೇಲೇ ಬೇಕಾದಷ್ಟು ತಕರಾರು. 85 ಇಳಿಯುತ್ತಾ ಬಂದು ವರ್ಷದ ಕೊನೆಗೆ 50ಕ್ಕೆ ನಿಂತಿತು. ಹೊಸ ವರ್ಷದಲ್ಲಿ ಬಿಡುಗಡೆ ನಿಧಾನ ಮಾಡುತ್ತೇವೆ ಅಂತ ಸರ್ಕಾರ ಹೇಳಿದ್ದೇ ತಡ, ಮನಿಲಾದಲ್ಲಿ ಸಾವಿರಾರು ಸೈನಿಕರು ಬೀದಿಗೆ ಇಳಿದರು. ನನ್ನನ್ನು ಕೇಳಿದರೆ ಬೆವಿನ್ ಲೆಕ್ಕವೇ ಮೇಲು. ಜಾಸ್ತಿ ನ್ಯಾಯ ಇತ್ತು ಅಂತಲ್ಲ. ಯುದ್ಧದಲ್ಲಿ ಹೋರಾಡಿದವನಿಗೂ ಗೋದಾಮಿನಲ್ಲಿ ಲೆಕ್ಕ ಬರೆದವನಿಗೂ ಅದರಲ್ಲಿ ಭೇದವೇ ಇರಲಿಲ್ಲ, ಅದು ದೊಡ್ಡ ಕೊರತೆ. ಆದರೆ ವಾದ ಮಾಡಲು ಜಾಗವೇ ಇರಲಿಲ್ಲ.

ಈಗ ಕುರ್ಚಿಯ ವಿಷಯ.

ಹೌದು, ಹಳೆ ಕೆಲಸ ಸಿಗುತ್ತಿತ್ತು. ಬ್ರಿಟನ್ 1944ರಲ್ಲಿ ಅದಕ್ಕೇ ಒಂದು ಕಾನೂನು ಮಾಡಿತ್ತು. ಸೈನ್ಯಕ್ಕೆ ಹೋಗುವ ಮೊದಲು ಯಾರ ಹತ್ತಿರ ಕೆಲಸದಲ್ಲಿದ್ದನೋ ಆ ಮಾಲೀಕ ವಾಪಸ್ ತೆಗೆದುಕೊಳ್ಳಬೇಕು. ಹಿಂದೆ ಅಲ್ಲಿ ಒಂದು ವರ್ಷ ಮಾಡಿದ್ದರೆ 52 ವಾರ, ಕಡಿಮೆ ಆಗಿದ್ದರೆ 26 ವಾರ ಇಟ್ಟುಕೊಳ್ಳಬೇಕು. ಸೈನ್ಯಕ್ಕೆ ಹೋಗದೇ ಇದ್ದಿದ್ದರೆ ಯಾವ ಸಂಬಳ, ಯಾವ ಷರತ್ತು ಇರುತ್ತಿತ್ತೋ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಸೈನಿಕ ಮಾತ್ರ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಕೆಲಸ ವಾಪಸ್ ಬೇಕು ಅಂತ ಬರೆದು ಕೊಡಬೇಕು. ಮಾಲೀಕ ತಕರಾರು ಮಾಡಿದರೆ ವಿಚಾರಿಸಲು ಸ್ಥಳೀಯ ಸಮಿತಿಗಳಿದ್ದವು. ಆದರೆ ಕಾನೂನಿನಲ್ಲಿ "ಸಾಧ್ಯವಾಗುವ ಮಟ್ಟಿಗೆ" ಅನ್ನುವ ಅರ್ಥದ ಮಾತೂ ಇತ್ತು. ಅಂಗಡಿಯೇ ಬಾಂಬಿಗೆ ಹೋಗಿದ್ದರೆ ಕುರ್ಚಿ ಎಲ್ಲಿಂದ ತರುವುದು? ಇನ್ನು ಆ ಕುರ್ಚಿಗಳಲ್ಲಿ ಯುದ್ಧದ ಉದ್ದಕ್ಕೂ ಕೂತು ಕೆಲಸ ಮಾಡಿದವರಲ್ಲಿ ಎಷ್ಟೋ ಜನ ಹೆಂಗಸರು. ಅವರಿಗೆ ಕೈಮುಗಿದು ಬೀಳ್ಕೊಟ್ಟರು. ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು.

ನಿಮ್ಮ ಹುಡುಗನ ಭಯ ಕೆಲಸ ಸಿಗುವುದೋ ಇಲ್ಲವೋ ಅನ್ನುವುದಲ್ಲ, ಸಿಗುತ್ತದಲ್ಲ ಅನ್ನುವುದು! ಹೊರಟಾಗ ಅವನಿಗೆ 19–20 ವರ್ಷ. ಆಫೀಸಿನಲ್ಲಿ ಎಲ್ಲರಿಗಿಂತ ಚಿಕ್ಕ ಗುಮಾಸ್ತ ಆಗಿದ್ದಿರಬೇಕು. ನಾಲ್ಕು ವರ್ಷದ ನಂತರ, ಹೆಣ ನೋಡಿ, ಹೆಣ ಹೊತ್ತು, ಬಹುಶಃ ಹತ್ತು ಜನರಿಗೆ ಆಜ್ಞೆ ಕೊಟ್ಟು ಅಭ್ಯಾಸ ಆದವನು ಅದೇ ಕುರ್ಚಿಯಲ್ಲಿ ಕೂತು, ಸೈನ್ಯಕ್ಕೇ ಹೋಗದ ಹೆಡ್ ಕ್ಲರ್ಕ್ ಕೊಟ್ಟ ಕಾಗದಕ್ಕೆ ಸೀಲು ಒತ್ತಬೇಕು. ಕಾನೂನು ಅವನ ಜಾಗ ಕಾಯ್ದಿಟ್ಟಿತ್ತು. ಆ ಜಾಗದ ಅಳತೆಗೆ ಅವನು ಉಳಿದಿರಲಿಲ್ಲ. ಕಲಿಕೆ ಅರ್ಧಕ್ಕೆ ನಿಂತ ಕಸುಬಿನ ಹುಡುಗರಿಗೆ ಅದನ್ನು ಮುಂದುವರಿಸುವ ಯೋಜನೆ ಇತ್ತು. ಗುಮಾಸ್ತನಿಗೆ ಅಂಥದ್ದು ಏನು ಕೊಡುವುದು?

ಅಮೆರಿಕದವರು ಇದಕ್ಕೆ ಇನ್ನೂ ಜಾಣ ಉತ್ತರ ಕೊಟ್ಟರು ಅನ್ನಬೇಕು. 1932ರಲ್ಲಿ ಒಂದನೇ ಯುದ್ಧದ ಮಾಜಿ ಸೈನಿಕರು ಬರಬೇಕಾದ ಹಣ ಕೇಳಿಕೊಂಡು ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿದ್ದರು, ಅವರನ್ನು ಸೈನ್ಯ ಬಿಟ್ಟೇ ಓಡಿಸಿದ್ದರು. ಆ ನಾಚಿಕೆ ಇನ್ನೂ ಹಸಿಯಾಗಿತ್ತು. 1944ರ ಜೂನ್ 22ರ ಜಿಐ ಬಿಲ್, ಅಂದರೆ ವಾಪಸ್ ಬರುವ ಸೈನಿಕರಿಗೆ ನೆರವು ಕೊಡುವ ಕಾನೂನು, ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಕೆಲಸ ಸಿಗುವವರೆಗೆ ವಾರಕ್ಕೆ 20 ಡಾಲರ್, 52 ವಾರದವರೆಗೆ. ಎಲ್ಲರೂ ಕೂತು ತಿನ್ನುತ್ತಾರೆ ಅಂತ ಕೆಲವರು ಹೆದರಿದ್ದರು. ಆ ಬಾಬ್ತಿಗೆ ಎತ್ತಿಟ್ಟ ಹಣದಲ್ಲಿ ಐದನೇ ಒಂದು ಭಾಗವೂ ಖರ್ಚಾಗಲಿಲ್ಲ. ಅದರ ಬದಲು ಸುಮಾರು 22 ಲಕ್ಷ ಜನ ಕಾಲೇಜಿಗೆ ಹೋದರು. ಹಳೆ ಕುರ್ಚಿ ಬೇಡ ಅಂದವನಿಗೆ ಬೇರೆ ಕುರ್ಚಿಯ ದಾರಿ.

ನಮ್ಮ ಕಡೆಗೂ ಇದರ ಒಂದು ಎಳೆ ಬಂದಿದೆ. ಎರಡನೇ ಯುದ್ಧದಲ್ಲಿ ಭಾರತದ ಸೈನ್ಯ 25 ಲಕ್ಷ ಮುಟ್ಟಿತ್ತು. ಅವರಲ್ಲಿ ಬಹುಪಾಲು ಜನ ವಾಪಸ್ ಊರಿಗೆ ಬರಬೇಕು. ಅವರಿಗೆ ಕೆಲಸ ಹುಡುಕಿಕೊಡಲು 1945ರ ಜುಲೈನಲ್ಲಿ ಒಂದು ಕೇಂದ್ರ ಇಲಾಖೆಯನ್ನೇ ತೆರೆದರು. ಡಿಗ್ರಿ ಮುಗಿಸಿ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ, ವರ್ಷಗಟ್ಟಲೆ ಕಾರ್ಡು ನವೀಕರಿಸುತ್ತಾ ಕಾದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಆ ಕಚೇರಿಗಳ ಬೇರು ಇಲ್ಲಿದೆ. ಅಲ್ಲೂ ಕಾಯುವುದೇ.

ಕೊನೆಯದು ದೇವಲಾಲಿ. ಅದು ನಾಸಿಕ್ ಹತ್ತಿರದ ಊರು. ಊರಿಗೆ ಹೊರಟ ಬ್ರಿಟಿಷ್ ಸೈನಿಕರು ಮುಂಬಯಿಯಲ್ಲಿ ಹಡಗು ಸಿಗುವವರೆಗೆ ಅಲ್ಲಿ ಕೂರಬೇಕಿತ್ತು. ಇದು 19ನೇ ಶತಮಾನದಿಂದ ಬಂದ ಪದ್ಧತಿ. ಮಾಡಲು ಏನೂ ಕೆಲಸವಿಲ್ಲ, ಬಿಸಿಲು, ಕುಡಿತ. ಕೂತು ಕೂತು ತಲೆ ಕೆಟ್ಟವನಿಗೆ 'ದೇವಲಾಲಿ ತಾಪ' ಹತ್ತಿದೆ ಅನ್ನುತ್ತಿದ್ದರು. ತಾಪ ಅಂದರೆ ನಮ್ಮ ತಾಪವೇ, ಜ್ವರ. ಇಂಗ್ಲಿಷಿನಲ್ಲಿ ಇವತ್ತಿಗೂ ತಲೆ ಕೆಟ್ಟವನನ್ನು 'ಡೂಲಾಲಿ' ಅನ್ನುವುದು ಈ ಊರಿನ ಹೆಸರಿನಿಂದ ಬಂದದ್ದು. ಕೊನೆಯ ಪತ್ರದಲ್ಲಿ ಅಕ್ಷರ ಓರೆಯಾಗಿದ್ದರೆ ಗಾಬರಿಯಾಗಬೇಡಿ. ಅವನ ಪಾಲಿಗೆ ಅದು ಸಂತೋಷದ ಸುದ್ದಿ. ದೇವಲಾಲಿಗೆ ಬಂದ ಅಂದರೆ ಬಹುಶಃ ನಂಬರ್ ಬಂದಿದೆ ಅಂತಲೇ.

ಇಂಗ್ಲೆಂಡಿನಲ್ಲಿ ಇಳಿದ ಮೇಲೆ ಅವನು ಬಿಡುಗಡೆ ಕೇಂದ್ರದಲ್ಲಿ ಮೇಜಿನಿಂದ ಮೇಜಿಗೆ ಹೋಗಿರುತ್ತಾನೆ. ಒಂದು ಕಡೆ ರಜೆಯ ಸಂಬಳ, ಒಂದು ಕಡೆ ರೇಷನ್ ಕಾಗದ, ಒಂದು ಕಡೆ ರೈಲಿನ ಪಾಸು. 56 ದಿನದ ರಜೆಯ ಜೊತೆಗೆ ಹೊರದೇಶದಲ್ಲಿ ಕಳೆದ ಪ್ರತಿ ತಿಂಗಳಿಗೆ ಒಂದು ದಿನ ಹೆಚ್ಚು. ಸಾಮಾನ್ಯ ಸಿಪಾಯಿಗೆ ಸೇವೆಯ ಪ್ರತಿ ತಿಂಗಳಿಗೆ 10 ಶಿಲಿಂಗ್ ಇನಾಮು, ನಾಲ್ಕು ವರ್ಷಕ್ಕೆ 24 ಪೌಂಡ್ ಲೆಕ್ಕ. ಆಮೇಲೆ ಬಟ್ಟೆಯ ಗೋದಾಮು: ಸೂಟು, ಶರ್ಟು, ಟೈ, ಷೂ, ಮಳೆಕೋಟು, ಹ್ಯಾಟು. ಎಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ಊರಲ್ಲಿ ಬಟ್ಟೆಗೆ ಇನ್ನೂ ಕೂಪನ್ ಇದ್ದ ಕಾಲ. ಗೇಟಿನ ಹೊರಗೆ ಕಾಳಸಂತೆಯವರು ನಿಂತು "ಪೆಟ್ಟಿಗೆ ಕೊಡ್ತೀಯಾ?" ಅಂತ ಕೇಳುತ್ತಿದ್ದರು.

ನಿಮ್ಮ ಕಟ್ಟನ್ನು ಇನ್ನೊಮ್ಮೆ ಬಿಚ್ಚಿ ನೋಡಿ. ಪತ್ರಗಳ ನಡುವೆ ಒಂದು ತೆಳ್ಳನೆಯ ಪುಸ್ತಕ ಇರಬಹುದು, ಅದು ಬಿಡುಗಡೆ ಪುಸ್ತಕ. ಅದರಲ್ಲಿ ಅವನ ಗುಂಪಿನ ನಂಬರ್ ಇರುತ್ತದೆ. ನನ್ನ ಲೆಕ್ಕ ಸರಿ ಇದೆಯಾ ಅಂತ ನೀವೇ ತಾಳೆ ನೋಡಬಹುದು. ಹಾಗೇ ಮೇಲಧಿಕಾರಿ ಬರೆದ ಶಿಫಾರಸು ಇರುವ ಪುಟವನ್ನು ಹುಡುಕಿ. ಮುಂದಿನ ಮಾಲೀಕ ಓದಲಿ ಅಂತ ಬರೆಯುತ್ತಿದ್ದ ನಾಲ್ಕೈದು ಸಾಲು: ಪ್ರಾಮಾಣಿಕ, ಶ್ರಮಜೀವಿ, ಯಾವ ಕೆಲಸ ಕೊಟ್ಟರೂ ಮಾಡುತ್ತಾನೆ, ಆ ಧಾಟಿ. ಆ ಪುಟ ಮಡಿಸಿ ಮಡಿಸಿ ಸವೆದಿದ್ದರೆ ಅವನು ಅದನ್ನು ಹಲವರಿಗೆ ತೋರಿಸಿದ್ದಾನೆ, ಅಂದರೆ ಹಳೆ ಕುರ್ಚಿಗೆ ಹೋಗಿರಲಿಕ್ಕಿಲ್ಲ. ಗರಿಗರಿಯಾಗಿ ಇದ್ದರೆ, ಬಹುಶಃ ಹೋಗಿ ಕೂತಿದ್ದಾನೆ. ಯಾವುದು ಅಂತ ನನಗೂ ಒಂದು ಸಾಲು ಬರೆಯಿರಿ.